ಕಪ್ಪು ಮಾಂಸದ ಬೇಸಿಗೆ

ಕಳೆದ ತಿಂಗಳು, ಈಗ ನಾವಿರುವ ದಮ್ಮಾಮಿನಿಂದ ಮೊದಲು ಇದ್ದ ಉನೈಜಾಕ್ಕೆ ಹೋಗಿದ್ದೆವು. ನನ್ನ ಗಂಡ ಆಲ್ವಿನ್‌ಗೆ ಅಲ್ಲಿನ ತನ್ನ ಹಳೆಯ ಕಂಪನಿಯಲ್ಲಿ ಏನೋ ಕೆಲಸವಿತ್ತು. ಊರು ಇನ್ನೇನು ಬಂತು ಅನ್ನುವಾಗ ಎಸಿ ಸಾಕೆಂದು ಕಾರಿನ ಕಿಟಕಿ ಇಳಿಸಿದೆ. ಬಿಸಿ ಗಾಳಿಯ ಜೊತೆ ಒಂದು ವಾಸನೆ ಒಳಗೆ ಬಂತು. ಒಣಹುಲ್ಲು, ಗೋಧಿ ಹೊಟ್ಟು, ಸಗಣಿ, ಇವೆಲ್ಲದರ ಮೇಲೆ ಖರ್ಜೂರದ ಪಾಕದ ಸಿಹಿ. ರಸ್ತೆಯಿಂದ ಸ್ವಲ್ಪ ಒಳಗಿರುವ, ನಾನು ಕೆಲಸ ಮಾಡಿದ್ದ ಆ ಫಾರ್ಮ್ ಇನ್ನೂ ನಡೆಯುತ್ತಿದೆ ಎಂದು ಮೂಗಿಗೇ ಗೊತ್ತಾಯಿತು. ಆ ಸಿಹಿಯನ್ನು ಅಲ್ಲಿನ ಮೇವಿಗೆ ಸೇರಿಸಿದವಳು ಸಮೀರಾ. ಅಷ್ಟು ನೆನಪಾದದ್ದೇ ತಡ, ಹೊಟ್ಟೆಯೊಳಗೆ ಹಳೆಯ ಕಿಚ್ಚು ಒಮ್ಮೆ ಕೆದಕಿದಂತಾಯಿತು. ಕಿಟಕಿ ಏರಿಸಿದೆ.

ಸಮೀರಾ ಕಾಪುವಿನವಳು, ನಾನು ಕಿನ್ನಿಗೋಳಿಯವಳು. ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ಒಂದೇ ಹಾಸ್ಟೆಲ್ ಕೋಣೆಯಲ್ಲಿ ಇದ್ದೆವು. ಕರಾವಳಿಯಿಂದ ಅಷ್ಟು ದೂರ ಹೋದ ನಮಗೆ ಅಲ್ಲಿನ ಜೋಳದ ರೊಟ್ಟಿ ಸೇರುತ್ತಿರಲಿಲ್ಲ. ಊರಿನಿಂದ ಬಂದ ಉಪ್ಪಿನಕಾಯಿ ಭರಣಿಯನ್ನು ಹಂಚಿಕೊಂಡು ತಿನ್ನುತ್ತಿದ್ದೆವು. ಪರೀಕ್ಷೆಯಲ್ಲಿ ಅವಳು ಮೊದಲು, ನಾನು ಎರಡನೆಯವಳು. ಪ್ರತಿ ವರ್ಷವೂ ಹಾಗೆಯೇ. ಅವಳು ನನ್ನಷ್ಟು ಓದುತ್ತಿರಲಿಲ್ಲ ಎಂಬುದು ನನಗೆ ಮಾತ್ರ ಗೊತ್ತಿದ್ದ ಸಂಗತಿ. ಅದೇ ಹೆಚ್ಚು ಉರಿಯುತ್ತಿತ್ತು. ಕಾಲೇಜು ಮುಗಿದ ಮೇಲೆ ಅವಳು ಪಶು ಆಹಾರದಲ್ಲಿ ಮುಂದೆ ಓದಲು ಹೋದಳು. ನಾನು ಮದುವೆಯಾಗಿ ಆಲ್ವಿನ್ ಜೊತೆ ಉನೈಜಾಕ್ಕೆ ಬಂದೆ.

ಆಲ್ವಿನ್ ಖರ್ಜೂರದ ಪ್ಯಾಕಿಂಗ್ ಕಂಪನಿಯಲ್ಲಿ ಅಕೌಂಟೆಂಟ್. ಮಗಳು ನಿಶೆಲ್ ಶಾಲೆಗೆ ಸೇರಿದ ಮೇಲೆ ನಾನು ಆ ಫಾರ್ಮಿನ ಕೆಲಸಕ್ಕೆ ಸೇರಿದೆ. ಸುತ್ತಲಿನ ಡೈರಿಗಳಿಂದ ಗಂಡು ಕರುಗಳನ್ನು ತಂದು ಹೋರಿಗಳಾಗುವ ತನಕ ಕೊಬ್ಬಿಸಿ, ಪಕ್ಕದ ಕಸಾಯಿಖಾನೆಯಲ್ಲಿ ಕೊಯ್ದು, ಮಾಂಸವನ್ನು ಜಿದ್ದಾಕ್ಕೆ ಕಳಿಸುವ ಫಾರ್ಮ್ ಅದು. ನಾನು ಓದಿದ್ದು ಪಶುವೈದ್ಯವಾದರೂ ನನ್ನ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಬರೆದದ್ದು ಲ್ಯಾಬ್ ಟೆಕ್ನಿಷಿಯನ್ ಎಂದು. ಕೊಯ್ದ ಮರುದಿನ ಚಿಲ್ಲರ್ ಕೋಣೆಗೆ ಹೋಗಿ, ಕೊಕ್ಕೆಗಳಲ್ಲಿ ತೂಗುತ್ತಿದ್ದ ಮಾಂಸಕ್ಕೆ ಪಿಎಚ್ ಮೀಟರಿನ ಸೂಜಿ ಚುಚ್ಚಿ ಹುಳಿಯ ಪ್ರಮಾಣ ನೋಡುವುದು, ಬಣ್ಣ ನೋಡುವುದು, ಯಾವುದು ಜಿದ್ದಾಕ್ಕೆ ಹೋಗಬಹುದು, ಯಾವುದು ಹೋಗಬಾರದು ಎಂದು ಹೇಳುವುದು ನನ್ನ ಕೆಲಸ. ಹೊರಗೆ ಕಬ್ಬಿಣ ಮುಟ್ಟಿದರೆ ಸುಡುವ ಬಿಸಿಲು. ಒಳಗೆ ನಾನು ಸ್ವೆಟರಿನ ಮೇಲೆ ಬಿಳಿ ಕೋಟು ಹಾಕಿ ನಡುಗುತ್ತಿದ್ದೆ.

ಒಂದು ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಅಲ್ಲಿನ ಆಹಾರ ತಜ್ಞರು ಕೆಲಸ ಬಿಟ್ಟು ತಮ್ಮ ಊರು ಕೈರೋಗೆ ಹೋದರು. ಹೋರಿಗಳಿಗೆ ಏನು, ಎಷ್ಟು ತಿನ್ನಿಸಬೇಕೆಂದು ತೀರ್ಮಾನಿಸುವ ಹುದ್ದೆ ಅದು. ನನಗೆ ಅದು ಬೇಕಿತ್ತು. ಮ್ಯಾನೇಜರ್ ಅಬು ತುರ್ಕಿಯವರ ಮುಂದೆ ಹೋಗಿ ಕೇಳಿದೆ. ಅವರು ಒಳ್ಳೆಯ ಮನುಷ್ಯ. ಗಡ್ಡ ಸವರಿಕೊಂಡು, "ಇನ್ಶಾ ಅಲ್ಲಾಹ್, ನೋಡುವ" ಅಂದರು. ನಾನು ಮನೆಗೆ ಬಂದು ಹಳೆಯ ಪುಸ್ತಕಗಳನ್ನು ಮಂಚದ ಕೆಳಗಿನಿಂದ ಎಳೆದು ತೆಗೆದೆ. ಕೆಲವು ವಾರಗಳ ಬಳಿಕ ಅವರೇ ಲ್ಯಾಬಿಗೆ ಬಂದರು.

"ಮಿಸ್ ಲವೀನಾ, ನಿಮಗೆ ಖುಷಿಯ ಸುದ್ದಿ. ಹೊಸ ತಜ್ಞೆ ಬರುತ್ತಿದ್ದಾರೆ. ನಿಮ್ಮ ಊರಿನವರೇ. ದಕ್ತೂರಾ ಸಮೀರಾ."

ಹೆಸರು ಕೇಳಿದಾಗ ಬೇರೆ ಯಾವುದೋ ಸಮೀರಾ ಇರಲಿ ದೇವರೇ ಅಂದುಕೊಂಡೆ. ಅವಳೇ ಬಂದಳು. ಅಬು ತುರ್ಕಿ ಅವಳನ್ನು ಚಿಲ್ಲರ್ ಕೋಣೆ ತೋರಿಸಲು ಕರೆತಂದರು. ನಾನು ಮುಖಕ್ಕೆ ಮಾಸ್ಕ್ ಕಟ್ಟಿದ್ದೆ, ಕೈಯಲ್ಲಿ ಮೀಟರ್ ಇತ್ತು. ಆದರೂ ಅವಳಿಗೆ ಕಣ್ಣಿನಲ್ಲೇ ಗುರುತು ಸಿಕ್ಕಿತು.

"ಲವಿ! ನೀನಾ ಮಾರಾಯ್ತಿ!" ಎಂದು ಅಷ್ಟೂ ಜನರ ಮುಂದೆ ಅಪ್ಪಿಕೊಂಡಳು. "ಇವಳು ನನ್ನ ರೂಮ್‌ಮೇಟ್. ನನಗಿಂತ ಚೆನ್ನಾಗಿ ಓದ್ತಿದ್ಳು" ಎಂದು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದಳು.

ಅಬು ತುರ್ಕಿ ನಕ್ಕರು. "ಮಿಸ್ ಲವೀನಾ ಇಲ್ಲದೆ ನಮ್ಮ ಲ್ಯಾಬೇ ಇಲ್ಲ, ದಕ್ತೂರಾ" ಅಂದರು. ಒಂದೇ ವಾಕ್ಯದಲ್ಲಿ ಅವಳು ದಕ್ತೂರಾ, ಅಂದರೆ ಡಾಕ್ಟರ್, ನಾನು ಮಿಸ್. ಯಾರ ತಪ್ಪೂ ಅಲ್ಲ. ಆದರೆ ಅವತ್ತು ಚಿಲ್ಲರಿನ ಚಳಿ ನನಗೆ ತಾಗಲಿಲ್ಲ.

ಅವಳು ಬಂದ ಹೊತ್ತು ಒಳ್ಳೆಯದಾಗಿರಲಿಲ್ಲ. ಹಿಂದಿನ ಬೇಸಿಗೆಯಿಂದ ನಮ್ಮ ಮಾಂಸ ಕಪ್ಪಾಗಿ ಬರುತ್ತಿತ್ತು. ಒಳ್ಳೆಯ ದನದ ಮಾಂಸವನ್ನು ಕೊಯ್ದರೆ ಮೊದಲು ನೇರಳೆ ಇರುತ್ತದೆ. ಗಾಳಿ ತಾಗಿ ಸ್ವಲ್ಪ ಹೊತ್ತಿನಲ್ಲಿ ಚೆರ್ರಿ ಹಣ್ಣಿನ ಹಾಗೆ ಕೆಂಪೇರುತ್ತದೆ. ನಮ್ಮದರಲ್ಲಿ ಸುಮಾರಷ್ಟು ಏರುತ್ತಲೇ ಇರಲಿಲ್ಲ. ಕಪ್ಪಾಗಿ, ಮುಟ್ಟಿದರೆ ಅಂಟಂಟಾಗಿ, ಮುದಿ ಹಸುವಿನ ಮಾಂಸದ ಹಾಗೆ ಕಾಣುತ್ತಿತ್ತು. ಬೇಗ ಕೆಡುತ್ತಿತ್ತು ಕೂಡ. ಹುಳಿ ಕಡಿಮೆಯಾದಷ್ಟೂ ಮೀಟರಿನ ಅಂಕಿ ಏರುತ್ತದೆ; ಐದೂವರೆಯ ಆಸುಪಾಸು ಇರಬೇಕಾದದ್ದು ಆರು ದಾಟುತ್ತಿತ್ತು. ಜಿದ್ದಾದ ಅಂಗಡಿಯವರು ಎರಡು ಸಲ ಲಾರಿಯನ್ನೇ ವಾಪಸ್ ಕಳಿಸಿದ್ದರು. ಹೀಗೇ ಮುಂದುವರಿದರೆ ಹೋರಿ ಸಾಕುವ ವಿಭಾಗವನ್ನೇ ಮುಚ್ಚುವ ಮಾತು ಮಾಲೀಕರ ಮನೆಯಲ್ಲಿ ನಡೆಯುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಮುಚ್ಚಿದರೆ ದೊಡ್ಡಿಯಲ್ಲಿ ಕೆಲಸ ಮಾಡುವವರೆಲ್ಲ ವಾಪಸ್ ಊರಿಗೆ. ನಾನು ಮನೆಗೆ.

ಸಮೀರಾ ಬಂದ ವಾರದಲ್ಲೇ ತನ್ನ ಯೋಚನೆ ಹೇಳಿದಳು. ಮಧ್ಯಾಹ್ನ ನನ್ನ ಲ್ಯಾಬಿನಲ್ಲಿ ಊಟದ ಡಬ್ಬಿ ತೆರೆದುಕೊಂಡು ಕೂತಿದ್ದಳು.

"ನೋಡು ಲವಿ, ಹೋರಿ ಹೆದರಿದ್ರೆ, ಗಲಾಟೆ ಮಾಡಿದ್ರೆ, ಮೈಯಲ್ಲಿ ಇರುವ ಸಕ್ಕರೆ ಎಲ್ಲ ಖರ್ಚಾಗ್ತದೆ. ಕೊಯ್ದ ಮೇಲೆ ಮಾಂಸ ಹುಳಿ ಆಗ್ಲಿಕ್ಕೆ ಎಂತದೂ ಉಳಿಯುವುದಿಲ್ಲ. ಮತ್ತೆ ಕಪ್ಪಾಗದೆ ಎಂತ ಆಗ್ಬೇಕು? ಕೊಯ್ಯುವ ಮುಂಚೆ ಸ್ವಲ್ಪ ದಿನ ಮೆಗ್ನೀಸಿಯಂ ಹೆಚ್ಚು ಕೊಟ್ರೆ ಅವು ಸ್ವಲ್ಪ ತಣ್ಣಗೆ ಇರ್ತವೆ. ಕೆಲವು ಕಡೆ ಫಲ ಸಿಕ್ಕಿದೆ, ಕೆಲವು ಕಡೆ ಸಿಗ್ಲಿಲ್ಲ. ಇಲ್ಲಿ ನೋಡುವ ಅಲ್ವಾ?"

ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಂಚದ ಕೆಳಗಿನಿಂದ ತೆಗೆದ ಪುಸ್ತಕದಲ್ಲೇ ಇತ್ತು. ಕೆಲಸ ಸಿಕ್ಕಿದರೆ ನಾನು ಮಾಡಬೇಕೆಂದುಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ. "ಹೂಂ, ನೋಡುವ" ಅಂದೆ.

ಆ ಮೆಗ್ನೀಸಿಯಂ ಖನಿಜದ ಪುಡಿ ಕಹಿ. ಹೋರಿಗಳು ಮೊದಲ ದಿನ ಮೂಸಿ ಮೂತಿ ತಿರುಗಿಸಿದವು. ಮರುದಿನ ಬೆಳಿಗ್ಗೆ ಸಮೀರಾ ಖರ್ಜೂರದ ಪಾಕದ ಡ್ರಮ್ಮುಗಳನ್ನು ತರಿಸಿದಳು. ಉನೈಜಾದಲ್ಲಿ ಅದಕ್ಕೇನು ಬರ. ತಾನೇ ಮಿಕ್ಸರ್ ಪಕ್ಕ ನಿಂತು, ಬೆರಳಲ್ಲಿ ನೆಕ್ಕಿ ನೋಡಿ, ಮುಖ ಕಿವುಚಿ, ಇನ್ನೂ ಹಾಕು ಇನ್ನೂ ಹಾಕು ಎಂದು ಕೈ ಮಾಡಿದಳು. ದೊಡ್ಡಿಯ ಕೆಲಸದವರು ನಗುತ್ತಿದ್ದರು. ನನ್ನ ಜೊತೆ ಅವರು ಒಂದು ದಿನವೂ ಹಾಗೆ ನಕ್ಕಿರಲಿಲ್ಲ. ಹೋರಿಗಳು ಮೇವಿನ ತೊಟ್ಟಿಯನ್ನು ನೆಕ್ಕಿ ಹೊಳೆಯುವಂತೆ ಮಾಡಿದವು. ಇಡೀ ಫಾರ್ಮ್ ಸಿಹಿಯಾಗಿ ನಾರತೊಡಗಿತು.

ಫಾರ್ಮ್ ಸಾಲದು ಎಂಬಂತೆ ಮನೆಯೂ. ಶುಕ್ರವಾರ ಅವಳು ನಮ್ಮಲ್ಲಿಗೆ ಬರುತ್ತಿದ್ದಳು. ಒಬ್ಬಳೇ ಇರುವವಳು, ಕರೆಯದಿರುವುದು ಹೇಗೆ? ಬರುವಾಗ ಅಕ್ಕಿಯ ಪತ್ತಿರ್ ರೊಟ್ಟಿ, ತೆಂಗಿನಕಾಯಿ ಅರೆದು ಮಾಡಿದ ಕೋಳಿ ಸಾರು ತರುತ್ತಿದ್ದಳು. ಆಲ್ವಿನ್ ಸಾರನ್ನು ಬಟ್ಟಲಿನಿಂದಲೇ ಕುಡಿಯುತ್ತಿದ್ದ. ನನ್ನೊಡನೆ ಕನ್ನಡವನ್ನೂ ಕೊಂಕಣಿಯನ್ನೂ ಆಡಲು ಸೋಮಾರಿತನ ಮಾಡುವ ನಿಶೆಲ್, ಅವಳ ತೊಡೆಯ ಮೇಲೆ ಕೂತು, "ಸಮೀರಾ ಆಂಟಿ, ಹೋರಿಗೆ ಮ್ಯಾತ್ಸ್ ಬರ್ತದಾ?" ಎಂದು ಕೇಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಇಡುತ್ತಿದ್ದೆ.

ಬೇಸಿಗೆ ಏರಿತು. ಒಂದು ದೊಡ್ಡಿಯ ಹೋರಿಗಳಿಗೆ ಖನಿಜ ಕೊಟ್ಟಾಗಿತ್ತು, ಇನ್ನೊಂದಕ್ಕೆ ಕೊಟ್ಟಿರಲಿಲ್ಲ. ಎರಡನ್ನೂ ಕೊಯ್ದ ಮರುದಿನ ನಾನು ಮೀಟರ್ ಹಿಡಿದು ಚಿಲ್ಲರ್ ಒಳಗೆ ಹೋದೆ. ಸಮೀರಾ ಹೊರಗೆ ಗಾಜಿನ ಹಿಂದೆ ನಿಂತಿದ್ದಳು. ಅವಳ ಇಡೀ ವಸಂತದ ಕೆಲಸ ಗೆದ್ದಿತೋ ಸೋತಿತೋ ಎಂದು ನನ್ನ ಕೈಯ ಸೂಜಿ ಹೇಳಬೇಕು. ಒಂದೊಂದಕ್ಕೂ ಚುಚ್ಚುತ್ತ ಹೋದೆ. ಸತ್ಯವನ್ನೇ ಬರೆದೆ. ಆದರೆ ಪ್ರತಿ ಸಲ ಚುಚ್ಚುವಾಗಲೂ ಮನಸ್ಸು ಒಂದೇ ಜಪ ಮಾಡುತ್ತಿತ್ತು. ಆರು ದಾಟಲಿ, ಆರು ದಾಟಲಿ.

ದಾಟಿತು. ಖನಿಜ ತಿಂದವೂ ತಿನ್ನದವೂ ಒಂದೇ ತರ. ಬಣ್ಣ ಅದೇ ಕಪ್ಪು. ನಾನು ಹೊರಗೆ ಬಂದು ಅಂಕಿಗಳನ್ನು ಅವಳ ಕೈಗೆ ಕೊಟ್ಟೆ. ಓದಿದಳು, ತುಟಿ ಕಚ್ಚಿಕೊಂಡಳು, "ಸರಿ" ಅಂದಳು. ಅಬು ತುರ್ಕಿ ಎಣಿಸುತ್ತಿದ್ದ ತಸ್ಬೀಹ್ ಜಪಮಣಿಯನ್ನು ಜೇಬಿಗೆ ಹಾಕಿಕೊಂಡರು.

"ಜಿದ್ದಾದವರು ಇನ್ನೊಂದು ಸಲ ನೋಡುತ್ತಾರೆ ಅಷ್ಟೆ. ಆಮೇಲೆ ಖಲಾಸ್. ಈ ಪುಡಿ, ಪಾಕ ಎಲ್ಲ ನಿಲ್ಲಿಸಿ ದಕ್ತೂರಾ."

ನನಗೆ ಎಷ್ಟು ಸುಖವಾಯಿತೆಂದರೆ, ಅದು ನಾಲಿಗೆಯ ಕೆಳಗೆ ಕಲ್ಲುಸಕ್ಕರೆ ಇಟ್ಟುಕೊಂಡ ಹಾಗಿತ್ತು. ಅದನ್ನು ಇನ್ನಷ್ಟು ಚೀಪಲೆಂದೇ ನಾನು ಮತ್ತೆ ಚಿಲ್ಲರ್ ಒಳಗೆ ಹೋದದ್ದು. ಅವಳ ಹೋರಿಗಳ ಮಾಂಸವನ್ನು ಇನ್ನೊಮ್ಮೆ ನೋಡೋಣ ಎಂದು. ಆಗ ಬೆನ್ನಿನ ಭಾಗ ಕಣ್ಣಿಗೆ ಬಿತ್ತು. ಚರ್ಮ ಸುಲಿದ ಮೈ ಮೇಲೆ ಅಲ್ಲಲ್ಲಿ ಕಂದು ಕಲೆಗಳು, ರಕ್ತ ಹೆಪ್ಪುಗಟ್ಟಿದ ಗುರುತುಗಳು. ಸೊಂಟದ ಮೇಲೆ, ಪಕ್ಕೆಯ ಮೇಲೆ. ತಲೆಯಿಂದ ಗುದ್ದಿಸಿಕೊಂಡದ್ದು, ಒಂದರ ಮೇಲೊಂದು ಏರಿದ್ದು. ಖನಿಜ ತಿನ್ನದ ಹೋರಿಗಳ ಮೈಯನ್ನೂ ನೋಡಿದೆ. ಅಷ್ಟು ಗುರುತುಗಳಿರಲಿಲ್ಲ.

ಕಸಾಯಿಖಾನೆಯ ಹಿಂದೆ, ಕೊಯ್ಯುವ ಮುಂಚೆ ಹೋರಿಗಳನ್ನು ನಿಲ್ಲಿಸುವ ಅಂಗಳವಿತ್ತು. ಅದನ್ನು ನೋಡಿಕೊಳ್ಳುವವರು ಪೇಶಾವರದ ಕರೀಂ ಭಾಯಿ. ಅವರನ್ನು ಹೋಗಿ ಕೇಳಿದೆ.

"ಮೇಡಂ, ಜಾಗ ಇರ್ಲಿಲ್ಲ. ಹೊರಗಿನ ಫಾರ್ಮಿನಿಂದ ಒಂದು ಲಾರಿ ಹೋರಿ ಬಂತು. ದಕ್ತೂರಾ ಸಾಹಿಬಾ ಅವರ ಹೋರಿಗಳ ಜೊತೆಗೇ ಬಿಟ್ಟೆ" ಎಂದು ಉರ್ದುವಿನಲ್ಲಿ ಹೇಳಿದರು. "ಎಷ್ಟು ಗುದ್ದಾಡಿದವು ಅಂತೀರಿ! ಯಾರೂ ನನಗೆ ಬೇಡ ಅಂತ ಹೇಳಿರ್ಲಿಲ್ಲ."

ಗುರುತಿಲ್ಲದ ಹೋರಿಗಳನ್ನು ಒಟ್ಟಿಗೆ ಬಿಟ್ಟರೆ ಯಾರು ದೊಡ್ಡವನೆಂದು ತೀರ್ಮಾನವಾಗುವ ತನಕ ಅವು ನಿಲ್ಲುವುದಿಲ್ಲ. ಯಾವ ಖನಿಜವೂ ಅವನ್ನು ತಣ್ಣಗಿಡಲಾರದು. ಅಂದರೆ ಸಮೀರಾಳ ಪರೀಕ್ಷೆ ಸೋತಿರಲಿಲ್ಲ. ಪರೀಕ್ಷೆ ನಡೆದೇ ಇರಲಿಲ್ಲ. ಹಿಂದಿನ ಬೇಸಿಗೆಯಿಂದ ಮಾಂಸ ಕಪ್ಪಾಗುತ್ತಿದ್ದುದಕ್ಕೂ ಅದೇ ಹೊತ್ತಿಗೆ ಕೊಯ್ಯಲೆಂದು ಹೊರಗಿನ ಹೋರಿಗಳನ್ನು ತರಿಸತೊಡಗಿದ್ದಕ್ಕೂ ಸಂಬಂಧ ಇರಬೇಕು ಎಂದು ಅಲ್ಲೇ ಬಿಸಿಲಲ್ಲಿ ನಿಂತಾಗ ಹೊಳೆಯಿತು. ಇದು ಫಾರ್ಮಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಊಟದ ಹೊತ್ತಿಗೆ ಆಲ್ವಿನ್‌ಗೆ ಹೇಳಿದೆ. ಅವನು ಮೀನಿನ ಮುಳ್ಳು ಬಿಡಿಸುತ್ತಾ ಕೇಳಿಸಿಕೊಂಡ.

"ಹಾಗಾದ್ರೆ ಸಮೀರಾಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಅವಳು ತಜ್ಞೆ ಅಲ್ವಾ? ಅವಳೇ ನೋಡ್ಲಿ."

"ಅವಳು ನಾಳೆ ನೋಡಿ ಕಂಡುಹಿಡಿದ್ರೆ?" ಎಂದು ಕೇಳಿ ಮೀನು ಬಾಯಿಗಿಟ್ಟ. ಅವನು ಕೇಳಿದ್ದು ಸುಮ್ಮನೆ. ನನಗೆ ತಾಗಿದ್ದು ಬೇರೆ ಕಡೆ. ಹೌದು, ಅವಳೇ ಕಂಡುಹಿಡಿದರೆ? ನಾನು ನೋಡಿದ್ದು ಕೂಡ ಅವಳದೇ ಆಗಿಬಿಡುತ್ತದೆ. ಆ ಕಲೆಗಳನ್ನು ಕಂಡದ್ದು ನಾನು. ಇನ್ನೊಂದು ಮಾತೂ ಇತ್ತು. ಅವಳು ಸೋಲಬೇಕೆಂದು ನನಗೆ ಆಸೆ, ಅದು ನಿಜ. ಆದರೆ ಸೋಲುವುದಾದರೆ ಸರಿಯಾಗಿ ಸೋಲಬೇಕು. ಕರೀಂ ಭಾಯಿಯ ಗೇಟಿನಿಂದಾಗಿ ಸೋತರೆ ಅದು ನನ್ನ ಲೆಕ್ಕಕ್ಕೆ ಬರುವ ಸೋಲಲ್ಲ. ನನ್ನ ಮೀಟರ್ ತೋರಿಸಿದ ಅಂಕಿ ನಿಜ. ಅದನ್ನು ಹಿಡಿದು ಎಲ್ಲರೂ ಖನಿಜ ದಂಡ ಎಂದರೆ ಅದು ಸುಳ್ಳು. ನನ್ನ ಕೈಯಿಂದ ಹೊರಟ ಸುಳ್ಳು.

ಬೆಳಿಗ್ಗೆ ಸಮೀರಾಳನ್ನು ಚಿಲ್ಲರಿಗೆ ಕರೆದುಕೊಂಡು ಹೋಗಿ ಕಲೆಗಳನ್ನು ತೋರಿಸಿದೆ. ಅವಳು ಬೆರಳಿಂದ ಮುಟ್ಟಿ ನೋಡಿದಳು.

"ಯಾ ಅಲ್ಲಾಹ್. ನಾನು ಮೇವಿನ ತೊಟ್ಟಿ ಬಿಟ್ಟು ಇತ್ಲಾಗಿ ಬರ್ಲೇ ಇಲ್ಲ ನೋಡು. ಲವಿ, ನೀನು ಹೇಳದಿದ್ರೆ ನಾನು ಪೆಟ್ಟಿಗೆ ಕಟ್ತಿದ್ದೆ."

ಪೆಟ್ಟಿಗೆ ಕಟ್ಟಿದ್ದರೆ ಚೆನ್ನಾಗಿತ್ತು ಎಂದು ಒಳಗಿನಿಂದ ಒಂದು ದನಿ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಎರಡನೆಯ ಸಲ ಇಬ್ಬರೂ ಸೇರಿ ಏರ್ಪಾಡು ಮಾಡಿದೆವು. ಅಬು ತುರ್ಕಿಯನ್ನು ಒಪ್ಪಿಸಲು ಸಮೀರಾ ಹೋದಳು. ಅಂಗಳದಲ್ಲಿ ಒಂದು ದೊಡ್ಡಿಯ ಹೋರಿಗಳ ಜೊತೆ ಬೇರೆಯವನ್ನು ಬಿಡಬಾರದು, ಮೇಲೆ ನೆರಳಿನ ಬಲೆ ಇರಬೇಕು, ನೀರು ಸದಾ ಇರಬೇಕು ಎಂದು ಕರೀಂ ಭಾಯಿ ಜೊತೆ ನಿಂತು ನಾನು ಮಾಡಿಸಿದೆ. ಅರ್ಧ ಹೋರಿಗಳಿಗೆ ಖನಿಜ, ಇನ್ನರ್ಧಕ್ಕೆ ಬರೀ ಪಾಕದ ಮೇವು. ಯಾವುದು ಯಾವುದೆಂದು ಅವಳಿಗೆ ಮಾತ್ರ ಗೊತ್ತು. ನನಗೆ ಹೇಳಬೇಡ ಎಂದು ನಾನೇ ಹೇಳಿದ್ದೆ. ನನ್ನ ಕೈ ಮೇಲೆ ನನಗೆ ನಂಬಿಕೆ ಇತ್ತು, ಮನಸ್ಸಿನ ಮೇಲೆ ಇರಲಿಲ್ಲ.

ಅಷ್ಟು ಹೊತ್ತಿಗೆ ಉನೈಜಾದಲ್ಲಿ ಖರ್ಜೂರ ಕೊಯ್ಲು ಶುರುವಾಗಿ ರಸ್ತೆ ತುಂಬ ಪಿಕಪ್ಪುಗಳು ಓಡುತ್ತಿದ್ದವು. ಕೊಯ್ದ ಮರುದಿನ ನಾನು ಚುಚ್ಚಿದೆ, ಬರೆದೆ, ಮಾಂಸ ಸೀಳಿ ಗಾಳಿಗೆ ಬಿಟ್ಟೆ, ಬಣ್ಣ ಏರುವುದನ್ನು ಕಾಯುತ್ತ ನಿಂತೆ. ಒಂದೊಂದೇ ಕೆಂಪಾಗುತ್ತಾ ಬಂದವು. ನೋಡಲು ಚಂದವೇ ಇತ್ತು, ಅದನ್ನು ಒಪ್ಪಲೇಬೇಕು. ಸಮೀರಾ ತನ್ನ ಗುರುತುಗಳನ್ನು ತಂದು ಹೋಲಿಸಿದಳು. ಗುದ್ದಾಟ ನಿಂತದ್ದರಿಂದ ಎಲ್ಲವೂ ಮೊದಲಿಗಿಂತ ಒಳ್ಳೆಯದಾಗಿದ್ದವು. ಆದರೂ ಖನಿಜ ತಿನ್ನದವುಗಳಲ್ಲಿ ಕೆಲವು ಇನ್ನೂ ಕಪ್ಪೇ. ತಿಂದವುಗಳಲ್ಲಿ ಕಪ್ಪು ಹುಡುಕಬೇಕಾಯಿತು. ಅವಳು ಗೆದ್ದಿದ್ದಳು. ಸರಿಯಾಗಿಯೇ ಗೆದ್ದಿದ್ದಳು.

ಜಿದ್ದಾಕ್ಕೆ ಹೋದ ಲಾರಿ ಖಾಲಿಯಾಗಿ ವಾಪಸ್ ಬಂತು. ಮಾಲೀಕರೇ ಫಾರ್ಮಿಗೆ ಬಂದರು. ಅತಿಥಿಗಳು ಕೂರುವ ಮಜ್ಲಿಸಿನಲ್ಲಿ ಗಹ್ವಾ ಕಾಫಿ, ಖರ್ಜೂರ ಎಲ್ಲ ಆಯಿತು. ಸಮೀರಾ ಎದ್ದು ನಿಂತು ವಿವರಿಸಿದಳು. ನಾನು ಮೂಲೆಯಲ್ಲಿ ಕೂತು, ಅವಳು ನನ್ನ ಹೆಸರು ಬಿಡುತ್ತಾಳೆ ಎಂದು ಕಾಯುತ್ತಿದ್ದೆ. ಬಿಟ್ಟರೆ ನನಗೆ ಬದುಕಿಡೀ ಅವಳನ್ನು ದ್ವೇಷಿಸಲು ಒಂದು ಗಟ್ಟಿ ಕಾರಣ ಸಿಗುತ್ತಿತ್ತು.

"ಖನಿಜ ನನ್ನದು" ಎಂದು ಅವಳು ಹೇಳಿದಳು, "ಆದರೆ ಪರೀಕ್ಷೆ ಉಳಿದದ್ದು ಡಾಕ್ಟರ್ ಲವೀನಾರಿಂದ. ಮೊದಲ ಸಲ ಎಲ್ಲಿ ತಪ್ಪಿತು ಎಂದು ಕಂಡದ್ದು ಅವರು. ಇವರಿಲ್ಲದಿದ್ದರೆ ಇವತ್ತು ನಾವು ಇಲ್ಲಿ ಕೂತಿರುತ್ತಿರಲಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಮಾಲೀಕರು ತಲೆಬಾಗಿಸಿದರು. ನನಗೆ ಸಂತೋಷ ಆಗಬೇಕಿತ್ತು. ಆದದ್ದು ಬೇರೆ. ನಾನು ಅವಳ ಜಾಗದಲ್ಲಿ ಇದ್ದಿದ್ದರೆ ಹೀಗೆ ಹೇಳುತ್ತಿದ್ದೆನೇ ಎಂದು ಯೋಚಿಸಿದೆ. ಗೊತ್ತಾಗಲಿಲ್ಲ. ಅಂಕದಲ್ಲಿ ಮುಂದೆ, ಹುದ್ದೆಯಲ್ಲಿ ಮುಂದೆ, ಈಗ ಇದರಲ್ಲೂ ಮುಂದೆ. ಮೊದಲೆರಡನ್ನು ಸಹಿಸಬಹುದು, ಅದೃಷ್ಟ ಎನ್ನಬಹುದು. ಮೂರನೆಯದಕ್ಕೆ ಏನೆನ್ನುವುದು?

ಚಳಿ ಶುರುವಾಗುವಾಗ ಮಾಲೀಕರು ಸಮೀರಾಳನ್ನು ಜಿದ್ದಾದ ಕಡೆ ಹೊಸದಾಗಿ ತೆರೆದ ದೊಡ್ಡ ಫಾರ್ಮಿಗೆ ಕಳಿಸಿದರು. ಹೋಗುವ ಮುಂಚೆ ಅವಳು ಅಬು ತುರ್ಕಿಗೆ, ತನ್ನ ಜಾಗಕ್ಕೆ ಹೊರಗಿನಿಂದ ಯಾರೂ ಬೇಡ, ಲವೀನಾ ಇದ್ದಾಳೆ ಎಂದಳಂತೆ. ನನ್ನ ಇಕಾಮಾದ ಹುದ್ದೆ ಬದಲಾಯಿತು. ಬೇಕೆಂದಿದ್ದ ಕೆಲಸ ಸಿಕ್ಕಿತು. ಅದೂ ಅವಳ ಕೈಯಿಂದ.

ಅವಳನ್ನು ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟೆ. ನಿಶೆಲ್ ಹಿಂದಿನ ಸೀಟಿನಲ್ಲಿ ಅತ್ತು ಅತ್ತು ನಿದ್ದೆ ಹೋಗಿದ್ದಳು. ರಸ್ತೆಯ ಎರಡೂ ಬದಿ ಬೆಳಗಿನ ಬಿಸಿಲಿಗೆ ಮರಳು ಹಳದಿಯಾಗಿತ್ತು. ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದ ಮೇಲೂ ಸಮೀರಾ ಇಳಿಯಲಿಲ್ಲ.

"ಲವಿ, ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಉಂಟಲ್ವಾ?"

ಇಲ್ಲ ಎನ್ನಲು ಬಾಯಿ ತೆರೆದವಳು, "ಉಂಟು" ಅಂದೆ.

"ಬೀದರಿನಿಂದಲೇ ಉಂಟು. ನನಗೆ ಗೊತ್ತಿತ್ತು."

"ಗೊತ್ತಿದ್ರೆ ಮತ್ತೆ ಎಲ್ಲರ ಮುಂದೆ ನನ್ನ ಹೆಸರು ಎಂತಕ್ಕೆ ಹೇಳಿದ್ದು?"

ಅವಳು ನಿಜವಾಗಿಯೂ ಅರ್ಥವಾಗದವಳ ಹಾಗೆ ನನ್ನ ಮುಖ ನೋಡಿದಳು. "ನೀನು ಕಂಡದ್ದು ಸರಿ ಇತ್ತು ಮಾರಾಯ್ತಿ. ಅದಕ್ಕೂ ಇದಕ್ಕೂ ಎಂತ ಸಂಬಂಧ?"

ಹಿಂದೆ ತಿರುಗಿ ನಿದ್ದೆಯಲ್ಲಿದ್ದ ನಿಶೆಲ್‌ಳ ಕೂದಲು ಸವರಿ, ಬ್ಯಾಗ್ ಎಳೆದುಕೊಂಡು ಹೋದಳು.

ನಾನು ಹೊಸ ಕೆಲಸ ಶುರು ಮಾಡಿದೆ. ಮೊದಮೊದಲು ಎಲ್ಲದಕ್ಕೂ ಅವಳೇ ಅಡ್ಡ ಬರುತ್ತಿದ್ದಳು. ಮಿಕ್ಸರ್ ಪಕ್ಕ ನಿಂತರೆ, ದಕ್ತೂರಾ ಸಮೀರಾ ಹೀಗೆ ಮಾಡ್ತಿದ್ರು ಎಂದು ಒಬ್ಬ ಹೇಳುತ್ತಿದ್ದ. ಸತುವಿನ ಅಂಶ ಸ್ವಲ್ಪ ಹೆಚ್ಚಿಸುವ ಎಂದರೆ, ಅವರನ್ನೊಮ್ಮೆ ಕೇಳುವುದಾ ಎಂದು ಇನ್ನೊಬ್ಬ. ನಗುತ್ತಾ ಹೂಂ ಅನ್ನುತ್ತಿದ್ದೆ. ಒಳಗೆ ಏನಾಗುತ್ತಿತ್ತೆಂದು ಅವರಿಗೇನು ಗೊತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಧೂಳಿನ ಗಾಳಿ ಎದ್ದಿತು. ಹೋರಿಗಳು ಗಾಬರಿಯಾಗಿ ಬೇಲಿಗೆ ಒತ್ತಿ ನಿಂತವು. ಕೊಯ್ಯಲು ಹೊರಟವನ್ನು ಅವತ್ತಿಗೆ ತಡೆದೆ. ಅಬು ತುರ್ಕಿ ಫೋನಿನಲ್ಲಿ ಯಲ್ಲಾ ಯಲ್ಲಾ, ಬೇಗ ಬೇಗ ಎನ್ನುತ್ತಿದ್ದರು, ಇವತ್ತು ಆಗುವುದಿಲ್ಲ ಎಂದು ಖಡಾಖಂಡಿತ ಹೇಳಿದೆ. ಬಾಯಿಗೆ ಶಾಲು ಸುತ್ತಿಕೊಂಡು ದೊಡ್ಡಿಯಿಂದ ದೊಡ್ಡಿಗೆ ಓಡಾಡಿ ನೀರು ತುಂಬಿಸಿದೆ, ತೊಟ್ಟಿಯ ಮೇವಿನಿಂದ ಮರಳು ತೆಗೆಸಿದೆ, ಒಂದು ಹೋರಿಯ ಕಣ್ಣು ತೊಳೆದೆ. ಗಾಳಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಅವು ಒಂದೊಂದಾಗಿ ಮಲಗಿ ಮೆಲುಕು ಹಾಕತೊಡಗಿದವು. ನಾನು ನೆರಳಿನಲ್ಲಿ ಕೂತು ಊಟದ ಡಬ್ಬಿ ತೆರೆದೆ. ಅನ್ನದಲ್ಲೂ ಮರಳು ಕಿರುಗುಟ್ಟುತ್ತಿತ್ತು. ಅರ್ಧ ಉಂಡಾದ ಮೇಲೆ ತಟ್ಟನೆ ಹೊಳೆಯಿತು. ಬೆಳಿಗ್ಗೆಯಿಂದ ಇಷ್ಟು ಹೊತ್ತಿನವರೆಗೆ ನನಗೆ ಸಮೀರಾಳ ನೆನಪೇ ಆಗಿರಲಿಲ್ಲ.